ಟೈರ್ ಇಲ್ಲದ ಪ್ರತಿಭಟನೆ

ಬೆಂಗಳೂರಿನ ಧರಣಿ, ಮೆರವಣಿಗೆಗಳಲ್ಲಿ ನನ್ನ ಜಾಗ ಅಂಚಿನಲ್ಲಿ. ಭಾಷಣ ಮಾಡುವವರು ಬೇರೆ, ಹಾಡುವವರು ಬೇರೆ. ನಾವು ಕೆಲವರು ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಹಗ್ಗ ಹಿಡಿದು, ಜನರಿಗೂ ಪೊಲೀಸರಿಗೂ ನಡುವೆ ನಿಲ್ಲುತ್ತೇವೆ. ಕಾರ್ಮಿಕರ ಧರಣಿ ಇರಲಿ, ವಿದ್ಯಾರ್ಥಿಗಳ ಮೆರವಣಿಗೆ ಇರಲಿ, ಇದೇ ಕೆಲಸ. ಹೊಸದಾಗಿ ಬರುವ ಹುಡುಗ ಹುಡುಗಿಯರು "ಏನು ಮಾಡ್ಬೇಕು ಹೇಳಿ" ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲು ಪರ್ಮಿಷನ್. ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಟ್ಟಿದೆ, ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕೂ ಕೊಟ್ಟಿದೆ. ರಸ್ತೆಯಲ್ಲಿ ಸಭೆ ನಡೆಸುವುದನ್ನು ಪೊಲೀಸರು ನಿಯಂತ್ರಿಸಬಹುದು, ಮನಸ್ಸಿಗೆ ಬಂದಂತೆ ಬಂದ್ ಮಾಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಹೇಳಿಯಾಗಿದೆ. ಹಾಗಂತ ಈಗ ಟೌನ್ ಹಾಲ್ ಮೆಟ್ಟಿಲ ಮೇಲೆ ಬ್ಯಾನರ್ ಹಿಡಿದು ಕೂತರೆ ಪೊಲೀಸರ ಹೊಯ್ಸಳ ಗಸ್ತು ಗಾಡಿ ಬರುವುದಕ್ಕೆ ಜಾಸ್ತಿ ಹೊತ್ತು ಬೇಡ. 2021ರಲ್ಲಿ ನಗರದ ಪ್ರತಿಭಟನೆಗಳಿಗೇ ಅಂತ ಪೊಲೀಸ್ ಆದೇಶ ಬಂತು. 2022ರಲ್ಲಿ ಹೈಕೋರ್ಟ್ ಅದನ್ನು ಸರಿಯಾಗಿ ಜಾರಿ ಮಾಡಿ ಅಂದಿತು. ಅಲ್ಲಿಂದ ಏನಿದ್ದರೂ ಫ್ರೀಡಂ ಪಾರ್ಕ್. ಹಳೇ ಸೆಂಟ್ರಲ್ ಜೈಲು ಅದು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು. ಆಗ ಸರ್ಕಾರವನ್ನು ಬೈದವರನ್ನು ಹಿಡಿದು ಒಳಗೆ ಹಾಕುತ್ತಿದ್ದರು. ಈಗ ಬೈಯಬೇಕು ಅಂದರೆ ನಾವೇ ನಡೆದುಕೊಂಡು ಒಳಗೆ ಹೋಗಬೇಕು! ಟ್ರಾಫಿಕ್ ಕಷ್ಟ ನನಗೂ ಗೊತ್ತು. ಆದರೆ ಯಾರ ಕಣ್ಣಿಗೂ ಬೀಳದ ಧರಣಿಯಿಂದ ಯಾರಿಗೆ ಬಿಸಿ ಮುಟ್ಟುತ್ತದೆ?

ಅರ್ಜಿಯಲ್ಲಿ ಎಷ್ಟು ಜನ ಬರುತ್ತಾರೆ ಅನ್ನೋದನ್ನು ನಿಜ ಬರೆಯಿರಿ. ಐದು ಸಾವಿರ ಅಂತ ಬರೆದು ಐವತ್ತು ಜನ ಬಂದರೆ ಇನ್‌ಸ್ಪೆಕ್ಟರ್ ನಗುತ್ತಾರೆ. ಇನ್ನೂರು ಅಂತ ಬರೆದು ಎರಡು ಸಾವಿರ ಬಂದರೆ ನಗುವುದಿಲ್ಲ. ನಕಲಿನ ಮೇಲೆ ಠಾಣೆಯ ಸೀಲು, ತಾರೀಕು ಹಾಕಿಸಿಕೊಳ್ಳದೆ ಆಚೆ ಬರಬೇಡಿ. "ಬಾಯಲ್ಲೇ ಹೇಳಿದೀವಲ್ಲ" ಅನ್ನೋದು ಕೋರ್ಟಿನಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೈಕೊಡುವುದುಂಟು. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಟೌನ್ ಹಾಲ್ ಮುಂದೆ ಸೇರುವುದಿತ್ತು. ಹಿಂದಿನ ದಿನ ಊರಿಗೆಲ್ಲ 144ನೇ ಸೆಕ್ಷನ್ ಹಾಕಿದರು. ಮೊದಲೇ ಸಿಕ್ಕಿದ್ದ ಅನುಮತಿಗಳೂ ರದ್ದು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಟಿವಿ ಮೈಕಿನ ಮುಂದೆ ಮಾತಾಡುತ್ತಿದ್ದಾಗಲೇ ಎಳೆದುಕೊಂಡು ಹೋದರು. ಆ ದಿನ ನಾವು ಹುಡುಗರಿಗೆ ಹೇಳಿದ್ದು ಒಂದೇ: ಬಸ್ ಹತ್ತಿ ಅಂದರೆ ಹತ್ತಿ, ತಳ್ಳಾಟ ಬೇಡ, ಹೆಸರು ಮಾತ್ರ ಜೋರಾಗಿ ಕೂಗಿ ಹೇಳಿ. ಯಾವ ಬಸ್ಸಿನಲ್ಲಿ ಯಾರು, ಯಾವ ಕಡೆ ಹೋಯಿತು ಅಂತ ಫುಟ್‌ಪಾತಿನಲ್ಲಿ ನಿಂತು ಬರೆದುಕೊಂಡು ವಕೀಲರಿಗೆ ಕಳಿಸುತ್ತಿದ್ದೆವು. ಮರುವರ್ಷ ಫೆಬ್ರುವರಿಯಲ್ಲಿ ಆ 144 ಆದೇಶವೇ ಕಾನೂನುಬಾಹಿರ ಅಂತ ಹೈಕೋರ್ಟ್ ಹೇಳಿತು. ಅದೇ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಸತ್ತಿದ್ದರು.

ಕೆಲಸ ಶುರುವಾಗುವುದು ಜನ ಸೇರಿದ ಮೇಲೆ. ಟಿವಿ ಕ್ಯಾಮೆರಾದವರು ಬಂದು ಸುತ್ತ ನೋಡಿ ಕೇಳುತ್ತಾರೆ, "ಟೈರ್ ಇಲ್ವಾ ಸಾರ್?" ಟೈರಿಗೆ ಬೆಂಕಿ ಬಿದ್ದರೆ ವಿಷುವಲ್ ಚೆನ್ನಾಗಿ ಬರುತ್ತದೆ. ಇಲ್ಲ ಅಂದರೆ ಹೋಗಲಿ, ಒಂದು ಪ್ರತಿಕೃತಿ? ನಾವು ಎರಡೂ ಇಟ್ಟುಕೊಳ್ಳುವುದಿಲ್ಲ. ಪ್ರತಿಕೃತಿ ಸುಡುವುದು ಅಭಿವ್ಯಕ್ತಿಯೋ ಹಿಂಸೆಯೋ ಅನ್ನೋ ಚರ್ಚೆ ಟೀ ಅಂಗಡಿಯಲ್ಲಿ ಮಾಡೋಣ. ಧರಣಿ ಜಾಗದಲ್ಲಿ ನನಗೆ ಕಾಣುವುದು ಇಷ್ಟೇ: ಒಬ್ಬನ ಕೈಯಲ್ಲಿ ಪೆಟ್ರೋಲ್ ಬಾಟಲಿ, ಅದನ್ನು ಕಿತ್ತುಕೊಳ್ಳಲು ಒಬ್ಬ ಪೇದೆ, ಸುತ್ತ ಸಿಂಥೆಟಿಕ್ ಸೀರೆ ಉಟ್ಟ ಹೆಂಗಸರು. ಅವರಲ್ಲಿ ಒಬ್ಬರ ಸೆರಗಿಗೆ ಕಿಡಿ ತಾಗಿದರೆ ನಮ್ಮ ಬೇಡಿಕೆ ಪಟ್ಟಿಯನ್ನು ಯಾರು ಓದುತ್ತಾರೆ?

ಇನ್ನೊಂದು ಕಾರಣವೂ ಇದೆ, ಅದು ಕಾನೂನಿನದು. ಹೊಸ ನ್ಯಾಯ ಸಂಹಿತೆಯ 190ನೇ ಸೆಕ್ಷನ್, ಹಳೇ ಐಪಿಸಿ 149. ಅಕ್ರಮ ಕೂಟ ಅಂತ ಆಗಿಬಿಟ್ಟರೆ, ಕೂಟದ ಉದ್ದೇಶಕ್ಕಾಗಿ ಒಬ್ಬ ಮಾಡಿದ್ದು ಅಲ್ಲಿದ್ದ ಅಷ್ಟೂ ಜನರ ತಲೆಗೆ ಬರುತ್ತದೆ. ಐದು ಜನ ಇದ್ದರೆ ಸಾಕು. ಎಲ್ಲೋ ಹಿಂದಿನಿಂದ ಬಂದ ಕಲ್ಲಿಗೆ ಮುಂದೆ ಕೂತು ಹಾಡು ಹೇಳುತ್ತಿದ್ದ ಟೀಚರಮ್ಮ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಅದಕ್ಕೇ ನಾವು ಅರ್ಧ ಜನ ಹಿಂದುಗಡೆ ಇರುತ್ತೇವೆ. ಮುಖ ಮುಚ್ಚಿಕೊಂಡವರು, ಯಾರ ಜೊತೆಗೂ ಬಾರದವರು, ಭಾಷಣ ಕೇಳದೆ ಪೊಲೀಸರನ್ನೇ ನೋಡುತ್ತಿರುವವರು ಕಂಡರೆ ಪಕ್ಕದಲ್ಲಿ ಹೋಗಿ ಕೂತು, "ಯಾವೂರು ಅಣ್ಣ, ನೀರು ಬೇಕಾ" ಅಂತ ಮಾತಿಗೆಳೆಯುತ್ತೇವೆ. ತೊಂದರೆ ಮಾಡಲು ಬಂದವರಿಗೆ ಈ ಉಪಚಾರ ತಡೆಯುವುದಿಲ್ಲ, ಎದ್ದು ಹೋಗುತ್ತಾರೆ. ನಿಜವಾಗಿ ಸಿಟ್ಟು ಬಂದವರಾದರೆ ಕಷ್ಟ ಹೇಳಿಕೊಳ್ಳುತ್ತಾರೆ.

ಎದುರು ಅಭಿಪ್ರಾಯದವರು ಬಂದು ಕೂಗಿದಾಗ ನಮ್ಮವರನ್ನು ತಡೆಯುವುದೇ ದೊಡ್ಡ ಕೆಲಸ. ಒಂದು ಸಭೆಗೆ ಒಬ್ಬ ವಯಸ್ಸಾದವರು ಬಂದು "ನೀವೆಲ್ಲ ದೇಶದ್ರೋಹಿಗಳು" ಅಂತ ಕಿರುಚಿದರು. ನಮ್ಮ ಹುಡುಗರು ಎದ್ದೇಬಿಟ್ಟರು. ನಾವು ನಾಲ್ಕು ಜನ ಅವರ ಸುತ್ತ, ಅವರಿಗೆ ಬೆನ್ನು ಮಾಡಿ, ನಮ್ಮವರ ಕಡೆ ಮುಖ ಮಾಡಿ ನಿಂತೆವು. ಅವರು ಗಂಟಲು ಕಟ್ಟುವವರೆಗೂ ಕೂಗಿ ಹೋದರು. ನಮಗೆ ಮಾತಾಡುವ ಹಕ್ಕು ಬೇಕು ಅಂತ ಬಂದವರು ನಾವು, ಅಲ್ವಾ?

"ಶಾಂತಿ ಶಾಂತಿ ಅಂದ್ರೆ ಯಾರು ಕೇಳ್ತಾರೆ, ಗಾರ್ಮೆಂಟ್ಸ್‌ನವರು ಕಲ್ಲು ಹೊಡೆದ ಮೇಲೇ ಅಲ್ವಾ ಕೇಂದ್ರ ಬಗ್ಗಿದ್ದು" ಅನ್ನುವವರು ನಮ್ಮಲ್ಲೇ ಇದ್ದಾರೆ. ಈ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ 2016ರಲ್ಲಿ ನಿಯಮ ಬಂತು. ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಂಗಸರು ಮಷಿನ್ ಬಿಟ್ಟು ಎದ್ದು ರಸ್ತೆಗೆ ಬಂದರು. ಕರೆ ಕೊಟ್ಟ ದೊಡ್ಡ ನಾಯಕ ಯಾರೂ ಇರಲಿಲ್ಲ. ಎರಡನೇ ದಿನ ಕಲ್ಲು, ಬೆಂಕಿ, ಲಾಠಿ, ಅಶ್ರುವಾಯು ಎಲ್ಲ ಆಯಿತು. ಅದೇ ಸಂಜೆ ಕೇಂದ್ರ ನಿಯಮ ಹಿಂದಕ್ಕೆ ತೆಗೆದುಕೊಂಡಿತು.

ಕಲ್ಲಿನಿಂದಲೇ ಅಂತ ನಾನು ಒಪ್ಪುವುದಿಲ್ಲ. ಹೊಸೂರು ರಸ್ತೆಯಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಸಾವಿರಾರು ಹೆಂಗಸರು ಕೂತಾಗಲೇ ನಗರ ನಿಂತುಹೋಗಿತ್ತು. ಕಾರ್ಖಾನೆ ನಿಂತಿತ್ತು, ಲಾರಿ ನಿಂತಿತ್ತು. ಕಲ್ಲು ತಂದುಕೊಟ್ಟದ್ದು ಲಾಠಿ ಏಟು, ಪೊಲೀಸ್ ಕೇಸು. ಆದರೆ ಅಷ್ಟು ಜನ ರಸ್ತೆಗೆ ಬರುವ ಮುಂಚೆ ಅವರ ಮಾತು ಕೇಳುವ ಒಂದು ಟೇಬಲ್ಲೂ ಇರಲಿಲ್ಲ ಅನ್ನೋದೂ ನಿಜ. ಮೂಲೆಯ ಪಾರ್ಕಿಗೆ ಎಲ್ಲರನ್ನೂ ಕಳಿಸುವ ಸರ್ಕಾರಗಳು ಇದನ್ನು ನೆನಪಿಟ್ಟುಕೊಂಡರೆ ನಮ್ಮಂಥವರ ಕೆಲಸ ಹಗುರ.

ಬಂದ್ ವಿಷಯ ಬೇರೆ. ಬಂದ್‌ಗೆ ಕರೆದರೆ ನಾನು ಹೋಗುವುದಿಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ತಮಿಳುನಾಡು ನಂಬರಿನ ಬಸ್ಸುಗಳು ಸುಟ್ಟದ್ದನ್ನು ಈ ಊರು ನೋಡಿದೆ. ಗೋಲಿಬಾರಿಗೆ ಒಬ್ಬರು ಬಲಿಯಾದರು. ನೀರಿನ ಲೆಕ್ಕಕ್ಕೂ ಆ ಬಸ್ಸುಗಳ ಡ್ರೈವರಿಗೂ ಏನು ಸಂಬಂಧ? ಬೆಂಕಿ ಹಚ್ಚದಿದ್ದರೂ, ದೊಣ್ಣೆ ಹಿಡಿದು ಬಂದು "ಶಟರ್ ಎಳೀರಿ" ಅನ್ನುವುದು ನನ್ನ ಲೆಕ್ಕದಲ್ಲಿ ಹಿಂಸೆಯೇ. ಬಲವಂತದ ಬಂದ್ ಸಂವಿಧಾನಕ್ಕೆ ವಿರುದ್ಧ ಅಂತ ಕೇರಳ ಹೈಕೋರ್ಟ್ 1997ರಲ್ಲೇ ಹೇಳಿತು, ಸುಪ್ರೀಂ ಕೋರ್ಟೂ ಒಪ್ಪಿತು. ಬೇಕಿದ್ದರೆ ಅಂಗಡಿ ಅಂಗಡಿಗೆ ಹೋಗಿ ಕರಪತ್ರ ಕೊಟ್ಟು ಕೇಳಿಕೊಳ್ಳೋಣ, ಮುಚ್ಚುವುದು ಬಿಡುವುದು ಅವರಿಗೆ ಬಿಟ್ಟಿದ್ದು. ಆ ಕೆಲಸಕ್ಕಾದರೆ ಕರೆಯಿರಿ, ಬರುತ್ತೇನೆ.