ಎರಡೂ ಕೀ ಕಳೆದ ಕಾರಿಗೆ ಹೊಸ ಕೀ ಮಾಡಿದ ಬಗೆ

ಕಾರಿನ ಕೀ ಕಳೆದಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, "ಇನ್ನೊಂದು ಕೀ ಎಲ್ಲಿದೆ?" ಎಂದು. ಇನ್ನೊಂದು ಇದ್ದರೆ ಸಾಮಾನ್ಯವಾಗಿ ಅದು ನಕಲು ಮಾಡುವ ಕೆಲಸ, ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಅದೂ ಇಲ್ಲ ಎಂದರೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ನೋಡಿಕೊಂಡು ಮಾಡಲು ಮೂಲವೇ ಇರುವುದಿಲ್ಲ. ಬೀಗವನ್ನೇ ಓದಿ ಲೋಹ ಕಡಿಯಬೇಕು, ಆಮೇಲೆ ಕಾರಿನೊಳಗಿನ ಕಂಪ್ಯೂಟರಿಗೆ ಆ ಕೀಯ ಗುರುತು ಹಿಡಿಸಬೇಕು. ಇವೆರಡರಲ್ಲಿ ಒಂದಾದರೂ ಬಾಕಿ ಉಳಿದರೆ ಕಾರು ಅಂಗಳ ಬಿಟ್ಟು ಕದಲುವುದಿಲ್ಲ.

ಶಿವಮೊಗ್ಗದಲ್ಲಿ ನಮ್ಮದು ಕೀ ಮಾಡುವ ಅಂಗಡಿ. ಅಪ್ಪ ಅರ ಹಿಡಿದು ಕಪಾಟು, ಟ್ರಂಕು, ಸ್ಕೂಟರುಗಳ ಕೀ ಮಾಡುತ್ತಿದ್ದರು. ಮಾರುತಿ 800, ಓಮ್ನಿ, ಜೀಪುಗಳ ಕಾಲದಲ್ಲಿ ಅಷ್ಟೇ ಸಾಕಿತ್ತು. ಹಲ್ಲು ಸರಿಯಾಗಿ ಕೂತು ಬೀಗ ತಿರುಗಿದರೆ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಈಗಿನ ಕಾರುಗಳ ಕೀಯೊಳಗೆ ಒಂದು ಚಿಪ್ ಇರುತ್ತದೆ. ಅಪ್ಪನಿಂದ ಕಲಿತ ಅರದ ಕೆಲಸದ ಮೇಲೆ ನಾನು ಈ ಚಿಪ್ಪಿನ ಕೆಲಸವನ್ನೂ ಕಲಿತೆ.

ಇಲ್ಲಿ ಹೇಳುತ್ತಿರುವುದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂದು ಊರಿನಲ್ಲಿ ಮಾಡಿದ ಕೆಲಸ. ಕಾರು ಹುಂಡೈ ಕಂಪನಿಯ ಹಳೆಯ ಐ20. ಒಂದು ಕೀ ಕಾರಿನ ಮಾಲೀಕರಾದ ಗೌಡರ ಮಗನ ಬ್ಯಾಗಿನ ಜೊತೆಗೆ ಬೆಂಗಳೂರಿನ ಬಸ್ಸಿನಲ್ಲಿ ಕಳೆದುಹೋಗಿತ್ತು. ಉಳಿದದ್ದು, ತೋಟದಿಂದ ಬರುವಾಗ ಸಂಕ (ಹಳ್ಳದ ಕಾಲುಸೇತುವೆ) ದಾಟುತ್ತಿದ್ದ ಗೌಡರ ಅಂಗಿ ಜೇಬಿನಿಂದ ಜಾರಿ ಹಳ್ಳಕ್ಕೆ ಬಿತ್ತು. ಮಳೆಗಾಲದ ಹಳ್ಳ ಅದು. ಹುಡುಕುವ ಮಾತೇ ಇರಲಿಲ್ಲ. ಗೌಡರು ಫೋನ್ ಮಾಡಿದಾಗ ಕಾರನ್ನು ಲಾರಿಗೆ ಹೇರಿ ಶಿವಮೊಗ್ಗಕ್ಕೆ ಕಳಿಸುವ ಏರ್ಪಾಡಿನಲ್ಲಿದ್ದರು.

"ಕಾರು ಇದ್ದಲ್ಲೇ ಇರಲಿ ಗೌಡರೇ, ನಾನೇ ಬರುತ್ತೇನೆ" ಎಂದೆ. ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಕೀ ಇಲ್ಲದ ಕಾರಿನ ಸ್ಟೇರಿಂಗ್ ಬೀಗ ಬಿದ್ದಿರುತ್ತದೆ, ಗೇರಿನಲ್ಲಿ ನಿಂತಿರುವುದೂ ಉಂಟು. ಅಂಥ ಕಾರನ್ನು ಜಂಬಿಟ್ಟಿಗೆಯ ಕಿರಿದಾದ ಓಣಿಯಲ್ಲಿ ಎಳೆದು ಲಾರಿಗೆ ಹತ್ತಿಸುವಾಗ ಆಗುವ ಹಾನಿ ಕೀಯ ಖರ್ಚನ್ನೂ ಮೀರಬಹುದು. ಕಿಟಕಿ ಗಾಜು ಒಡೆಯುವುದು, ಬಾಗಿಲ ಬೀಗಕ್ಕೆ ಸ್ಕ್ರೂಡ್ರೈವರ್ ತುರುಕುವುದು ಇನ್ನೂ ಕೆಟ್ಟದ್ದು. ಆ ಬೀಗವೇ ನಮಗೆ ಉಳಿದಿರುವ ಏಕೈಕ ದಾಖಲೆ. ಅದನ್ನು ಜಜ್ಜಿದ ಮೇಲೆ ಓದುವುದಕ್ಕೆ ಏನು ಉಳಿಯುತ್ತದೆ?

ಹೊರಡುವ ಮೊದಲೇ ಆರ್‌ಸಿ ಮತ್ತು ಮಾಲೀಕರ ಗುರುತಿನ ಚೀಟಿಯ ಫೋಟೋ ತರಿಸಿಕೊಂಡೆ. ಡಿಜಿಲಾಕರಿನಲ್ಲಿರುವ ಆರ್‌ಸಿಯೂ ನಡೆಯುತ್ತದೆ. ಇದಕ್ಕೆ ಬೇಸರಪಟ್ಟುಕೊಳ್ಳುವವರು ಇದ್ದಾರೆ, "ನಮ್ಮ ಮನೆ ಅಂಗಳದಲ್ಲೇ ನಿಂತಿದೆಯಲ್ಲ ಮಾರಾಯರೇ" ಎನ್ನುತ್ತಾರೆ. ಆದರೂ ಬಿಡುವುದಿಲ್ಲ. ಕೀ ಇಲ್ಲದ ಕಾರಿಗೆ ಕೀ ಹುಟ್ಟಿಸುವ ವಿದ್ಯೆ ಕಳ್ಳನ ಕೈಯಲ್ಲೂ ಇದೇ ಉಪಕರಣಗಳಿಂದಲೇ ನಡೆಯುತ್ತದೆ. ಕಾಗದ ನೋಡದೆ ಕೆಲಸ ಮಾಡುವ ಕೀಯವನಿಂದ ಊರಿಗೆ ಅಪಾಯ. ಆರ್‌ಸಿ ಬೇರೆಯವರ ಹೆಸರಿನಲ್ಲಿದ್ದರೆ ಅವರ ಜೊತೆ ಮಾತನಾಡಿ, ಒಪ್ಪಿಗೆ ಬರೆಸಿಕೊಂಡ ನಂತರವೇ ಪೆಟ್ಟಿಗೆ ಬಿಚ್ಚುತ್ತೇನೆ. ಕೀ ಕಳೆದ ಬಗ್ಗೆ ಪೊಲೀಸರಿಗೆ ದೂರು ಕೊಡಿ ಎಂದೂ ಹೇಳುತ್ತೇನೆ. ವಿಮೆಯವರು ಮುಂದೆ ಅದನ್ನು ಕೇಳುತ್ತಾರೆ.

ಆರ್‌ಸಿಯಿಂದ ನನಗೆ ಬೇಕಾದ ಇನ್ನೊಂದು ಮಾಹಿತಿ ಚಾಸಿಸ್ ನಂಬರ್. ಅದು 17 ಅಕ್ಷರ ಮತ್ತು ಅಂಕೆಗಳ ಸಾಲು. ಭಾರತದಲ್ಲಿ ತಯಾರಾದ ಹುಂಡೈ ಕಾರುಗಳಲ್ಲಿ ಎಂಎಎಲ್ ಎಂದು ಆರಂಭವಾಗುತ್ತದೆ. ಈ ಸಾಲಿನಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು. ಫೋನಿನಲ್ಲಿ ಯಾರಾದರೂ "ಓ" ಎಂದು ಓದಿದರೆ ಅದು ಸೊನ್ನೆ ಎಂದೇ ಬರೆದುಕೊಳ್ಳಬೇಕು. ಆಮೇಲೆ ಕಾರಿನ ಮೈಮೇಲೆ ಕೊರೆದಿರುವ ನಂಬರಿನ ಜೊತೆ ಒಂದೊಂದೇ ಅಕ್ಷರ ತಾಳೆ ನೋಡುತ್ತೇನೆ.

ಗಾಜನೂರು, ಮಂಡಗದ್ದೆ ದಾಟಿ ಊರು ತಲುಪಿದಾಗ ಮಳೆ ಹಿಡಿದೇ ಇತ್ತು. ಕಾರು ಅಡಿಕೆ ಸುಲಿಯುವ ಚಪ್ಪರದ ಪಕ್ಕದ ಶೀಟಿನ ಮಾಡಿನಡಿ ನಿಂತಿದ್ದರಿಂದ ಬಚಾವು. ಚಾಲಕನ ಬಾಗಿಲ ಬೀಗದ ಬಾಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಮಲೆನಾಡಿನ ಕಾರುಗಳಲ್ಲಿ ಇದು ಸಾಮಾನ್ಯ. ರಿಮೋಟಿನಿಂದಲೇ ಬಾಗಿಲು ತೆಗೆಯುವ ಅಭ್ಯಾಸವಾಗಿ, ಬಾಗಿಲ ಬೀಗಕ್ಕೆ ಲೋಹದ ಕೀ ತಾಗದೆ ವರ್ಷಗಳೇ ಆಗಿರುತ್ತವೆ. ಇಂಥ ಬೀಗಕ್ಕೆ ಎಣ್ಣೆ ಬಿಡುವವರಿದ್ದಾರೆ. ಎಣ್ಣೆಗೆ ಧೂಳು ಅಂಟಿ ಒಳಗೆ ಅಂಟಂಟು ರಾಡಿಯಾಗುತ್ತದೆ. ನಾನು ಕಿಲುಬು ಬಿಡಿಸುವ ಸ್ಪ್ರೇ ಹೊಡೆದು, ಗಾಳಿ ಊದಿ, ಒಣಗಿದ ಮೇಲೆ ಗ್ರಾಫೈಟ್ ಪುಡಿ ಹಾಕುತ್ತೇನೆ. ಆ ದಿನ ಹೆಚ್ಚು ಹೊತ್ತು ಹಿಡಿದದ್ದು ಇದೇ.

ಬೀಗದ ಒಳಗೆ ತೆಳ್ಳಗಿನ ಲೋಹದ ಬಿಲ್ಲೆಗಳು ಸಾಲಾಗಿ ಕೂತಿರುತ್ತವೆ. ವೇಫರ್ ಎನ್ನುತ್ತೇವೆ. ಒಂದೊಂದಕ್ಕೂ ಒಂದು ಸಣ್ಣ ಸ್ಪ್ರಿಂಗ್. ಕೀಯ ಮೇಲಿನ ಪ್ರತಿ ಕಡಿತವೂ ಒಂದು ವೇಫರನ್ನು ಅದಕ್ಕೆ ಬೇಕಾದ ಎತ್ತರದಲ್ಲಿ ನಿಲ್ಲಿಸುತ್ತದೆ. ಎಲ್ಲವೂ ಸಮ ಬಂದಾಗ ಬೀಗ ತಿರುಗುತ್ತದೆ. ಇವುಗಳನ್ನು ಕೀ ಇಲ್ಲದೆ ಓದುವುದಕ್ಕೆ ಲಿಶಿ ಎಂಬ ಉಪಕರಣವಿದೆ. ಅದರ ನಾಲಗೆಯನ್ನು ಬೀಗದೊಳಗೆ ಇಳಿಸಿ, ತಿರುಗುವ ದಿಕ್ಕಿಗೆ ಬೆರಳಿನಿಂದ ತೀರಾ ಹಗುರವಾಗಿ ಒತ್ತಡ ಕೊಡುತ್ತ, ಅದರದೇ ಸಣ್ಣ ಸನ್ನೆಕೋಲಿನಿಂದ ಒಂದೊಂದೇ ವೇಫರನ್ನು ಎತ್ತಬೇಕು. ಬಿಗಿಯಾಗಿರುವುದು ಸಿಕ್ಕಾಗ ಇನ್ನೊಂದು ಎಳೆಯಷ್ಟು ಎತ್ತಿದರೆ ಬೆರಳಿಗೆ ಮಾತ್ರ ತಿಳಿಯುವಂತೆ "ಟಿಕ್" ಎಂದು ಕೂರುತ್ತದೆ. ಶೀಟಿನ ಮೇಲೆ ಮಳೆ ಬಡಿಯುವಾಗ ಕಿವಿಯಿಂದ ಏನೂ ಉಪಯೋಗವಿಲ್ಲ, ಬೆರಳನ್ನೇ ನಂಬಬೇಕು. ಎಲ್ಲವೂ ಕೂತು ಬೀಗ ತಿರುಗಿದ ಮೇಲೆ, ಉಪಕರಣದ ಮೇಲಿರುವ ಗೀಟುಗಳ ಮೇಲೆ ಸನ್ನೆಕೋಲಿನ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಪ್ರತಿ ಸ್ಥಾನದ ಆಳವನ್ನು ಅಂಕೆಯಲ್ಲಿ ಬರೆದುಕೊಳ್ಳುತ್ತೇನೆ. ಬಾಗಿಲೂ ತೆರೆಯಿತು, ಕೀಯ ಲೆಕ್ಕವೂ ಸಿಕ್ಕಿತು.

ಆದರೆ ಲೆಕ್ಕ ಪೂರ್ತಿ ಸಿಕ್ಕಿರುವುದಿಲ್ಲ. ಅನೇಕ ಕಾರುಗಳಲ್ಲಿ ಬಾಗಿಲ ಬೀಗಕ್ಕಿಂತ ಇಗ್ನಿಷನ್ ಬೀಗದಲ್ಲಿ ವೇಫರುಗಳು ಹೆಚ್ಚಿರುತ್ತವೆ. ಎರಡು ಸ್ಥಾನ ತಿಳಿಯದೆ ಉಳಿದು, ತಲಾ ನಾಲ್ಕು ಆಳ ಸಾಧ್ಯವಿದ್ದರೆ ಹೆಚ್ಚೆಂದರೆ 16 ಬಗೆ. ಮೊದಲು ಅತಿ ಕಡಿಮೆ ಆಳಕ್ಕೆ ಕಡಿದು ಇಗ್ನಿಷನ್ನಿಗೆ ಹಾಕಿ ನೋಡುವುದು, ತಿರುಗದಿದ್ದರೆ ಇನ್ನೊಂದು ಮೆಟ್ಟಿಲು ಆಳ. ಒಮ್ಮೆ ಕಡಿದ ಲೋಹ ಮತ್ತೆ ಅಂಟುವುದಿಲ್ಲವಾದ್ದರಿಂದ ಆಳದಿಂದ ಶುರು ಮಾಡಬಾರದು. ಈ ಪ್ರಯೋಗಕ್ಕೆ ಅಗ್ಗದ ಖಾಲಿ ಕೀ ಬಳಸಿ, ಸರಿಯಾದದ್ದು ಸಿಕ್ಕ ಮೇಲೆ ಆ ಅಂಕೆಗಳಿಂದಲೇ ಹೊಸದಾಗಿ ಕೀ ಕಡಿಯುತ್ತೇನೆ. ತಿದ್ದಿ ತಿದ್ದಿ ಮಾಡಿದ ಕೀಯನ್ನು ಗಿರಾಕಿಯ ಕೈಗೆ ಕೊಡುವುದು ನನಗೆ ಒಗ್ಗುವುದಿಲ್ಲ.

ಕೀ ತಿರುಗಿತು. ಎಂಜಿನ್ ಹೊತ್ತಿಕೊಂಡ ಸದ್ದು ಕೇಳಿ ಗೌಡರ ಮುಖ ಅರಳಿತು, ಮರುಕ್ಷಣವೇ ಅದು ಆರಿಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿತ್ತು. ಇದು ಇಮ್ಮೊಬಿಲೈಸರ್, ಅಂದರೆ ಗುರುತಿಲ್ಲದ ಕೀಯಿಂದ ಕಾರು ಓಡದಂತೆ ತಡೆಯುವ ವ್ಯವಸ್ಥೆ, ಮಾಡುವ ಕೆಲಸ. ಇಗ್ನಿಷನ್ ಬೀಗದ ಬಾಯಿಯ ಸುತ್ತ ಒಂದು ತಂತಿ ಸುರುಳಿ ಇರುತ್ತದೆ. ಅದು 125 ಕಿಲೋಹರ್ಟ್ಸ್ ಆವರ್ತನದಲ್ಲಿ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಕೀಯ ತಲೆಯೊಳಗಿನ ಚಿಪ್ಪಿಗೆ ಅದರದೇ ಬ್ಯಾಟರಿ ಬೇಡ, ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ಉತ್ತರ ಸರಿಯಿಲ್ಲದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಇಂಧನವನ್ನೂ ಕಿಡಿಯನ್ನೂ ನಿಲ್ಲಿಸಿಬಿಡುತ್ತದೆ. ರಿಮೋಟಿನ ಗುಂಡಿಗಳು ಬೇರೆಯೇ ವ್ಯವಸ್ಥೆ, ಅವುಗಳಿಗೆ ಕೀಯೊಳಗಿನ ಸಣ್ಣ ಸೆಲ್ ಬೇಕು. ಸೆಲ್ ಸತ್ತರೂ ಕಾರು ಶುರುವಾಗುವುದು ಈ ಕಾರಣಕ್ಕೆ.

ಕಂಪ್ಯೂಟರಿನ ಜೊತೆ ಮಾತಿಗೆ ಇಳಿಯುವ ಮೊದಲು ಕಾರಿನ ಬ್ಯಾಟರಿ ಅಳೆಯುತ್ತೇನೆ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಗೌಡರ ಕಾರು ಸುಮ್ಮನೆ ನಿಂತಿದ್ದರಿಂದ 12ರ ಕೆಳಗೆ ಇಳಿದಿತ್ತು. ಬರೆಯುವ ಕೆಲಸ ಅರ್ಧದಲ್ಲಿರುವಾಗ ವೋಲ್ಟೇಜ್ ಕುಸಿದರೆ ಕಂಪ್ಯೂಟರಿನೊಳಗಿನ ಮಾಹಿತಿಯೇ ಕೆಡಬಹುದು, ಆಗ ಕೀಯ ಬದಲು ಕಂಪ್ಯೂಟರಿನ ಖರ್ಚು ತಲೆಗೆ ಬರುತ್ತದೆ. ಮಳೆಗಾಲದಲ್ಲಿ ಅಲ್ಲಿನ ಕರೆಂಟನ್ನು ನಂಬಿ ಚಾರ್ಜರ್ ಹಾಕುವಂತಿಲ್ಲ. ನನ್ನ ಜೊತೆಗೆ ತಂದಿದ್ದ ತುಂಬಿದ ಬ್ಯಾಟರಿಯನ್ನು ಕೇಬಲ್ ಹಾಕಿ ಸೇರಿಸಿ, ಕೆಲಸ ಮುಗಿಯುವ ತನಕ ತೆಗೆಯಲಿಲ್ಲ.

ಆಮೇಲಿನದು ನೋಡುವವರಿಗೆ ಸಪ್ಪೆ. ಸ್ಟೇರಿಂಗ್ ಕೆಳಗೆ ಕಾರಿನ ತಪಾಸಣೆಗೆಂದು ಇರುವ ಓಬಿಡಿ ಸಾಕೆಟ್ಟಿಗೆ ನನ್ನ ಯಂತ್ರ ಜೋಡಿಸಿದೆ. ಈ ಮಾದರಿಯ ಹುಂಡೈ ಕಾರುಗಳಿಗೆ ಆರು ಅಂಕೆಯ ಪಿನ್ ಬೇಕು, ಅದು ಚಾಸಿಸ್ ನಂಬರಿಗೆ ಹೊಂದಿಕೊಂಡಿರುತ್ತದೆ. ತಪ್ಪು ಪಿನ್ ಮೂರು ಸಲ ಕೊಟ್ಟರೆ ವ್ಯವಸ್ಥೆ ಒಂದು ಗಂಟೆ ಬಾಗಿಲು ಹಾಕಿಕೊಳ್ಳುತ್ತದೆ. ನಂಬರನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದ್ದು ಇದಕ್ಕೇ. ಪಿನ್ ಒಪ್ಪಿಗೆಯಾದ ಮೇಲೆ ಮೊದಲ ಕೀ ಹಾಕಿ ಕಲಿಸುವುದು, ತೆಗೆದು ಎರಡನೆಯದನ್ನು ಹಾಕಿ ಕಲಿಸುವುದು. ಒಟ್ಟು ನಾಲ್ಕು ಕೀಗಳ ತನಕ ಜಾಗವಿದೆ.

"ಸದ್ಯಕ್ಕೆ ಒಂದು ಸಾಕು ಮಾರಾಯರೇ, ಇನ್ನೊಂದು ಅಡಿಕೆ ಮಾರಿದ ಮೇಲೆ ನೋಡೋಣ" ಎಂದರು ಗೌಡರು. ಇಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಎರಡೂ ಕೀ ಕಳೆದವರಿಗೆ ಒಂದೇ ಕೀ ಮಾಡಿಕೊಟ್ಟು ಬಂದರೆ ಅದು ಅರೆಬರೆ ಕೆಲಸ. ಈ ವ್ಯವಸ್ಥೆಯಲ್ಲಿ ಕಲಿಸುವಾಗ ಎದುರಿಗಿಲ್ಲದ ಕೀಗಳೆಲ್ಲ ಅಳಿಸಿಹೋಗುತ್ತವೆ. ಮುಂದೆ ಒಂದು ಸೇರಿಸಬೇಕೆಂದರೆ ಮತ್ತೆ ಪಿನ್, ಮತ್ತೆ ಬ್ಯಾಟರಿ, ಮತ್ತೆ ಎಲ್ಲ ಕೀಗಳನ್ನೂ ಹೊಸದಾಗಿ ಕಲಿಸುವುದು. ಅಷ್ಟರೊಳಗೆ ಉಳಿದ ಒಂದೂ ಹಳ್ಳಕ್ಕೆ ಬಿದ್ದರೆ ಬೀಗ ಓದುವುದರಿಂದ ಶುರು. ಯಂತ್ರ ಜೋಡಿಸಿ, ಪಿನ್ ಒಪ್ಪಿಸಿ ಆಗಿರುವಾಗ ಎರಡನೆಯದಕ್ಕೆ ತಗಲುವುದು ಖಾಲಿ ಕೀ, ಚಿಪ್ಪು, ಸ್ವಲ್ಪ ಸಮಯ. ರಿಮೋಟ್ ಬೇಡವೆಂದರೆ ಬೇಡ. ಚಿಪ್ ಇರುವ ಸಾದಾ ಕೀ ಅಗ್ಗಕ್ಕೆ ಆಗುತ್ತದೆ, ಬಾಗಿಲು ತೆರೆಯುತ್ತದೆ, ಎಂಜಿನ್ ಶುರುವಾಗುತ್ತದೆ. ಒಳಗಿನಿಂದ ಗೌಡರ ಮನೆಯ ಅಮ್ಮ ಬಂದು "ಎರಡು ಮಾಡಿಕೊಡಿ, ಇನ್ನೊಂದು ಶಿವಮೊಗ್ಗದ ಮಗಳ ಮನೆಯಲ್ಲಿ ಇರಲಿ" ಎಂದರು. ಮಾತು ಅಲ್ಲಿಗೆ ತೀರ್ಮಾನವಾಯಿತು.

ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ಎರಡು ಕೀಗಳನ್ನೂ ಒಂದೇ ಬಳೆಗೆ ಹಾಕಿ ನೋಡಬಾರದು. ಇಗ್ನಿಷನ್ನಿನಲ್ಲಿರುವ ಕೀಯ ಬದಲು ಪಕ್ಕದಲ್ಲಿ ತೂಗುವ ಕೀಯ ಚಿಪ್ಪನ್ನು ಸುರುಳಿ ಓದಿಬಿಡಬಹುದು. ಒಂದನ್ನು ಮನೆಯೊಳಗೆ ಇಟ್ಟು ಇನ್ನೊಂದರಿಂದ ಶುರು ಮಾಡಿ, ಎಂಜಿನ್ ಆರದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಬಾಗಿಲು, ಡಿಕ್ಕಿ, ಸ್ಟೇರಿಂಗ್ ಬೀಗ ಎಲ್ಲವನ್ನೂ ಎರಡು ಕೀಗಳಿಂದಲೂ ತಿರುಗಿಸಬೇಕು.

ಎಲ್ಲ ಕಾರುಗಳೂ ಹೀಗೆ ಸಲೀಸಾಗಿ ಒಪ್ಪುವುದಿಲ್ಲ. ಕೆಲವು ಹಳೆಯ ಟೊಯೊಟಾಗಳಲ್ಲಿ ಇಮ್ಮೊಬಿಲೈಸರನ್ನು ಮರುಹೊಂದಿಸಲು 16 ನಿಮಿಷ ಸುಮ್ಮನೆ ಕಾಯಬೇಕು. ಇನ್ನು ಕೆಲವು ಕಾರುಗಳಲ್ಲಿ ಸಾಕೆಟ್ಟಿನಿಂದ ದಾರಿಯೇ ಇಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿ, ಕಂಪ್ಯೂಟರಿನ ಪೆಟ್ಟಿಗೆ ಹೊರತೆಗೆದು, ಅದರೊಳಗಿನ ನೆನಪಿನ ಚಿಪ್ಪನ್ನು ಓದಿ, ಮೂಲ ಮಾಹಿತಿಯ ಪ್ರತಿ ತೆಗೆದಿಟ್ಟುಕೊಂಡ ಮೇಲೆಯೇ ಬರೆಯಲು ಕೈಹಾಕಬೇಕು. ಅಂಥದ್ದನ್ನು ಮಳೆ ಹನಿಯುವ ಮಾಡಿನಡಿ ನಾನು ಮಾಡುವುದಿಲ್ಲ, ಪೆಟ್ಟಿಗೆಯನ್ನು ಅಂಗಡಿಗೆ ತರುತ್ತೇನೆ. ಗುಂಡಿ ಒತ್ತಿ ಶುರು ಮಾಡುವ ಕಾರಿನವರು ಕೀ ಸತ್ತಿದೆ ಎಂದು ಫೋನ್ ಮಾಡಿದರೆ, ಮೊದಲು ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ ನೋಡಲು ಹೇಳುತ್ತೇನೆ. ಎಷ್ಟೋ ಸಲ ಸೆಲ್ ಮುಗಿದಿರುತ್ತದೆ ಅಷ್ಟೇ.

ಗೌಡರಿಗೆ ಹೊರಡುವಾಗ ಹೇಳಿದ ಮಾತನ್ನು ಎಲ್ಲರಿಗೂ ಹೇಳಬೇಕು. ಹಳೆಯ ಕೀಗಳ ಚಿಪ್ಪಿಗೆ ಈಗ ಬೆಲೆಯಿಲ್ಲ, ಆದರೆ ಬೀಗ ಅದೇ ಇರುವುದರಿಂದ ಅವುಗಳ ಲೋಹ ಬಾಗಿಲನ್ನು ಇನ್ನೂ ತೆರೆಯುತ್ತದೆ. ಹಳ್ಳಕ್ಕೆ ಬಿದ್ದದ್ದು ಹೋಗಲಿ, ಬಸ್ಸಿನಲ್ಲಿ ಹೋದ ಬ್ಯಾಗಿನಲ್ಲಿ ವಿಳಾಸವಿರುವ ಕಾಗದವೂ ಇತ್ತು. ಅದಕ್ಕೆ ಕಾರಿನಲ್ಲಿ ಬೆಲೆಬಾಳುವುದೇನನ್ನೂ ಇಡಬೇಡಿ, ಭಯವಿದ್ದರೆ ಬಾಗಿಲ ಬೀಗದ ವೇಫರುಗಳನ್ನು ಬದಲಿಸಿಕೊಡುತ್ತೇನೆ ಎಂದೆ. ಇನ್ನೊಂದು, ವಿಮಾ ಕಂಪನಿಗೆ ಪತ್ರ. ಕಾರು ಕಳುವಾದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಮೂಲ ಕೀಗಳನ್ನು ಕೇಳುತ್ತಾರೆ. ಮೂಲ ಕೀ ಕಳೆದು ಹೊಸದು ಮಾಡಿಸಿದ್ದೇವೆ ಎಂದು ಪೊಲೀಸ್ ದೂರಿನ ಪ್ರತಿ ಮತ್ತು ನನ್ನ ರಸೀದಿ ಸೇರಿಸಿ ಈಗಲೇ ತಿಳಿಸಿಟ್ಟರೆ ಆಗ ತಕರಾರಿಗೆ ಆಸ್ಪದ ಕಡಿಮೆ. ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ಪಾಲಿಸಿಯಲ್ಲಿದ್ದರೆ ಖರ್ಚೂ ವಾಪಸು ಬರಬಹುದು. ಗೌಡರ ಮಗ ಅಂದೇ ಮೊಬೈಲಿನಲ್ಲಿ ಪಾಲಿಸಿ ತೆಗೆದು ನೋಡಿದ. ಆ ರಕ್ಷಣೆ ಇರಲಿಲ್ಲ. ಕೀಯ ಆಳದ ಅಂಕೆಗಳನ್ನು ರಸೀದಿಯ ಹಿಂದೆ ಬರೆದುಕೊಟ್ಟು, ಅದನ್ನು ಆರ್‌ಸಿಯ ಜೊತೆ ಕಪಾಟಿನಲ್ಲಿಡಿ, ಕಾರಿನಲ್ಲಿ ಬೇಡ ಎಂದು ಅಮ್ಮನ ಕೈಗೆ ಕೊಟ್ಟೆ.