ರೈಸ್ ಎಂದರೆ ಅಕ್ಕಿಯಲ್ಲ: ಒಂದು ಇಂಗ್ಲಿಷ್ ಅಡ್ಡಹೆಸರಿನ ಬೆನ್ನುಹತ್ತಿದ ನನ್ನ ಅನುಭವ

ಧಾರವಾಡ ಸೀಮೆಯ ಪದವಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ, ಶಾಸನಗಳ ಪಾಠ ಬಂದಾಗಲೆಲ್ಲ, ಸಾವಿರಾರು ಶಾಸನಗಳನ್ನು ಅಚ್ಚಿಗೆ ತಂದ ಬಿ.ಎಲ್. ರೈಸ್ ಅವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು ನನ್ನ ರೂಢಿಯಾಗಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಇವರ ಅಡ್ಡಹೆಸರೂ ನಮ್ಮಂಗ ಅಕ್ಕಿ ಏನ್ರೀ?” ಎಂದು ಕೇಳಿದ. ತರಗತಿ ನಕ್ಕಿತು, ಆದರೆ ಅವನು ತಮಾಷೆ ಮಾಡಿರಲಿಲ್ಲ. ಅವನ ಅಡ್ಡಹೆಸರು ನಿಜಕ್ಕೂ ಅಕ್ಕಿ; ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಮನೆತನಗಳ ನಡುವೆ ಬೆಳೆದವನಿಗೆ ಅದಕ್ಕಿಂತ ಸಹಜವಾದ ಪ್ರಶ್ನೆ ಬೇರೊಂದಿಲ್ಲ. ಉತ್ತರ ನನಗೆ ತಿಳಿದಿರಲಿಲ್ಲವಾದ್ದರಿಂದ, ಮುಂದಿನ ಬೇಸಿಗೆ ರಜೆಯನ್ನು ಆ ಒಂದು ಹೆಸರಿಗೆ ಮೀಸಲಿಟ್ಟೆ.

ಮೊದಲು ಮಾಡಿದ ಕೆಲಸವೆಂದರೆ ಧಾನ್ಯವನ್ನೂ ಮನೆತನವನ್ನೂ ಬೇರೆ ಬೇರೆ ಚೀಟಿಗಳಲ್ಲಿ ಬರೆದುಕೊಂಡದ್ದು. ಧಾನ್ಯದ ಹೆಸರು ಗ್ರೀಕಿನ ‘ಒರೂಜ’ದಿಂದ ಲ್ಯಾಟಿನ್ನಿಗೂ ಅಲ್ಲಿಂದ ಇಟಾಲಿಯನ್, ಫ್ರೆಂಚ್ ಭಾಷೆಗಳ ಮೂಲಕ ಇಂಗ್ಲಿಷಿಗೂ ಬಂದದ್ದು. ಮನೆತನದ ಹೆಸರಿನ ದಾರಿಯೇ ಬೇರೆ: ಅದು ಬಹುಪಾಲು ವೇಲ್ಸ್ ಸೀಮೆಯ ‘ರ‍್ಹೀಸ್’ ಎಂಬ ಗಂಡಸರ ಹೆಸರು, ಅರ್ಥ ಉತ್ಸಾಹ ಅಥವಾ ಆವೇಶ. ಹಾಗಾದರೆ ಎರಡೂ ಒಂದೇ ಕಾಗುಣಿತಕ್ಕೆ ಬಂದು ನಿಂತದ್ದು ಹೇಗೆ? ಸುಮಾರು 15ನೆಯ ಶತಮಾನದಿಂದಾಚೆಗೆ ಇಂಗ್ಲಿಷಿನ ದೀರ್ಘ ಸ್ವರಗಳು ಒಂದೊಂದಾಗಿ ಜಾಗ ಬದಲಿಸಿದಾಗ, ಪದದ ನಡುವಿನ ಈಕಾರವು ಐಕಾರವಾಯಿತು. ‘ವೀಫ್’ ಎಂದು ಉಚ್ಚರಿಸುತ್ತಿದ್ದ ಪದ ‘ವೈಫ್’ ಆದಂತೆ, ಧಾನ್ಯದ ‘ರೀಸ್’ ಮತ್ತು ಮನುಷ್ಯನ ‘ರೀಸ್’ ಎರಡೂ ‘ರೈಸ್’ ಆದವು. ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾದ ಬದಲಾವಣೆಯನ್ನು ಶಾಸನಗಳಲ್ಲಿ ಗುರುತಿಸಿ ತೋರಿಸುತ್ತಿದ್ದ ನನಗೆ ಈ ನಿಯಮ ತಲೆಗೆ ಹತ್ತಲು ಹೊತ್ತು ಹಿಡಿಯಲಿಲ್ಲ. ಆ ಬದಲಾವಣೆಗೆ ಸಿಕ್ಕದೆ ಉಳಿದ ರೂಪಗಳು ‘ರೀಸ್’ ಎಂಬ ಉಚ್ಚಾರದಲ್ಲೇ, Rees, Reese ಎಂಬ ಬೇರೆ ಬೇರೆ ಇಂಗ್ಲಿಷ್ ಕಾಗುಣಿತಗಳಲ್ಲಿ ಇಂದಿಗೂ ಚಾಲ್ತಿಯಲ್ಲಿವೆ.

ವೇಲ್ಸಿನಲ್ಲಿ ಬಹುಕಾಲ ಅಡ್ಡಹೆಸರೆಂಬುದೇ ಇರಲಿಲ್ಲ. ತನ್ನ ಹೆಸರಿನ ಮುಂದೆ ‘ಅಪ್’ ಎಂದರೆ ‘ಮಗ’ ಎಂಬ ಪದವನ್ನು ಸೇರಿಸಿ ತಂದೆಯ ಹೆಸರನ್ನು ಹೇಳಿಕೊಳ್ಳುವುದು ಅಲ್ಲಿನ ಪದ್ಧತಿ. ಹೀಗಾಗಿ ತಲೆಮಾರಿಗೊಮ್ಮೆ ಹಿಂದಿನ ಹೆಸರು ಬದಲಾಗುತ್ತಿತ್ತು. 1093ರಲ್ಲಿ ಮಡಿದ ದೆಹ್ಯೂಬಾರ್ತ್ ರಾಜ್ಯದ ದೊರೆ ರ‍್ಹೀಸ್ ಅಪ್ ಟ್ಯೂಡರ್. ಅವನ ಮೊಮ್ಮಗ ರ‍್ಹೀಸ್ ಅಪ್ ಗ್ರಿಫಿತ್ 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ಸಂಗೀತಗಾರರಿಗೂ ಸ್ಪರ್ಧೆ ಏರ್ಪಡಿಸಿ, ಗೆದ್ದವರಿಗೆ ಪೀಠವನ್ನು ಬಹುಮಾನವಾಗಿ ಕೊಟ್ಟವನು. ಇಂಥ ದೊರೆಗಳಿಂದಾಗಿ ಆ ಹೆಸರು ಮನೆಮನೆಗೂ ಹಬ್ಬಿತು. 1536 ಮತ್ತು 1543ರ ಕಾಯಿದೆಗಳು ವೇಲ್ಸನ್ನು ಇಂಗ್ಲಿಷ್ ನ್ಯಾಯವ್ಯವಸ್ಥೆಗೆ ಸೇರಿಸಿದ ಮೇಲೆ ಸ್ಥಿರವಾದ ಅಡ್ಡಹೆಸರು ಕ್ರಮೇಣ ಅನಿವಾರ್ಯವಾಯಿತು. ಕೆಲವರು ‘ಅಪ್’ ಅನ್ನು ಬಿಟ್ಟು ರೈಸ್ ಆದರು. ಕೆಲವರ ಬಾಯಲ್ಲಿ ‘ಅಪ್ ರ‍್ಹೀಸ್’ ಎರಡೂ ಕೂಡಿ ‘ಪ್ರೈಸ್’ ಆಯಿತು. ಇದನ್ನು ತರಗತಿಯಲ್ಲಿ ಪರೀಕ್ಷಿಸಿ ನೋಡಿದ್ದೇನೆ: ‘ಅಪ್ ರೈಸ್’ ಎಂದು ಬೇಗ ಬೇಗ ಹತ್ತು ಸಲ ಹೇಳಿಸಿದರೆ, ಐದಾರನೆಯ ಸಲಕ್ಕೆ ಮೊದಲಿನ ಅಕಾರ ಮಾಯವಾಗುತ್ತದೆ. ನಮ್ಮ ಲೋಪಸಂಧಿಯಲ್ಲಿ ಪೂರ್ವಪದದ ಕೊನೆಯ ಸ್ವರ ಹೋದರೆ, ಇಲ್ಲಿ ಅದರ ಮೊದಲ ಸ್ವರವೇ ಹೋಯಿತು. ಪೊವೆಲ್, ಪ್ಯೂ, ಪ್ಯಾರಿ, ಪ್ರಿಚರ್ಡ್ ಎಂಬ ಅಡ್ಡಹೆಸರುಗಳ ಮೊದಲಿನ ಪಕಾರವೂ ಇದೇ ‘ಅಪ್’ನ ಉಳಿಕೆ.

ವೇಲ್ಸಿನ ಡಿನೆವರ್ ಎಂಬ ಮನೆತನದ ಚೀಟಿಯನ್ನು ನಾನು ಇಂದಿಗೂ ಜೋಪಾನವಾಗಿ ಇಟ್ಟಿದ್ದೇನೆ, ಏಕೆಂದರೆ ಈ ಹೆಸರಿನ ಹೋಗುಬರುವಿಕೆ ಎರಡೂ ಅದೊಂದರಲ್ಲೇ ಕಾಣುತ್ತದೆ. 1485ರ ಬಾಸ್ವರ್ತ್ ಕದನದಲ್ಲಿ ಹೆನ್ರಿ ಟ್ಯೂಡರ್‌ನ ಪರ ನಿಂತವನು ರ‍್ಹೀಸ್ ಅಪ್ ಥಾಮಸ್. ಅವನ ಮೊಮ್ಮಗನನ್ನು 1531ರಲ್ಲಿ ರಾಜದ್ರೋಹದ ಆರೋಪ ಹೊರಿಸಿ ಕೊಂದರು. ವಂಶದವರು ಮುಂದೆ ರೈಸ್ ಎಂದು ಬರೆದುಕೊಂಡು ಪಾರ್ಲಿಮೆಂಟಿನಲ್ಲಿ ಕುಳಿತರು, 20ನೆಯ ಶತಮಾನದಲ್ಲಿ ಮತ್ತೆ ರ‍್ಹೀಸ್ ಎಂಬ ಹಳೆಯ ರೂಪಕ್ಕೇ ಮರಳಿದರು.

ಹೆಸರಾಂತ ರೈಸ್‌ಗಳ ಪಟ್ಟಿಗೆ ಕೈಹಾಕಿದಾಗ ನನ್ನ ದೊಡ್ಡ ಎಡವಟ್ಟು ನಡೆಯಿತು. ‘ಎಡ್ಮಂಡ್ ರೈಸ್’ ಎಂಬ ಒಂದೇ ಚೀಟಿಯಲ್ಲಿ, 1638ರ ಸುಮಾರಿಗೆ ಮ್ಯಾಸಚೂಸೆಟ್ಸ್‌ಗೆ ವಲಸೆ ಹೋಗಿ ಸಡ್ಬರಿ ಊರಿನಲ್ಲಿ ನೆಲೆಸಿದವನನ್ನೂ, 1802ರಲ್ಲಿ ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ ಬಡ ಹುಡುಗರಿಗೆ ಶಾಲೆ ತೆರೆದು ಕ್ರಿಶ್ಚಿಯನ್ ಬ್ರದರ್ಸ್ ಸಂಘಕ್ಕೆ ಬುನಾದಿ ಹಾಕಿದ ಎಡ್ಮಂಡ್ ಇಗ್ನೇಷಿಯಸ್ ರೈಸ್ ಅವರನ್ನೂ ಕೂಡಿಸಿ ಬರೆದಿದ್ದೆ. ನೂರೈವತ್ತಕ್ಕೂ ಹೆಚ್ಚು ವರ್ಷ ಬಾಳಿದ ಆ ಮಹಾನುಭಾವನನ್ನು ಕಂಡು ಎಚ್ಚರಗೊಂಡ ನಾನು, ಅಂದಿನಿಂದ ಹುಟ್ಟಿದ ವರ್ಷ, ಊರು, ತಂದೆಯ ಹೆಸರು ಮೂರೂ ಇಲ್ಲದ ಚೀಟಿಯನ್ನು ಪೆಟ್ಟಿಗೆಗೆ ಹಾಕುವುದನ್ನು ನಿಲ್ಲಿಸಿದೆ.

ಈ ನಿಯಮ ಬಂದ ಮೇಲೆ ಪಟ್ಟಿ ತಾನಾಗಿಯೇ ಸೋಸಿಕೊಂಡಿತು. ನಾಟಕಕಾರ ಎಲ್ಮರ್ ರೈಸ್ ಹುಟ್ಟಿದಾಗ ರೈಜನ್‌ಸ್ಟೈನ್. ಹೆಸರನ್ನು ತಾನೇ ಕತ್ತರಿಸಿಕೊಂಡವನು. ಕಾದಂಬರಿಕಾರ್ತಿ ಆನ್ ರೈಸ್ ಅವರ ತವರಿನ ಹೆಸರು ಓಬ್ರಯನ್. ರೈಸ್ ಎಂಬುದು ಗಂಡನ ಮನೆಯದು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಕಾಂಡೊಲೀಸಾ ರೈಸ್ ಅವರಂತಹ ಕಪ್ಪು ಜನರ ಮನೆತನಗಳಲ್ಲಿ ಇಂಗ್ಲಿಷ್ ಅಡ್ಡಹೆಸರುಗಳು ಬಹುಮಟ್ಟಿಗೆ ಗುಲಾಮಗಿರಿಯ ಕಾಲದ ಗುರುತುಗಳಾಗಿರುವುದರಿಂದ, ಅವುಗಳ ಜಾಡು ಹಿಡಿದು ವೇಲ್ಸಿಗೆ ಹೋಗುವುದು ಅರ್ಥಹೀನ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯಕ್ಕೆ ಆಸ್ತಿ ಬಿಟ್ಟ ವಿಲಿಯಂ ಮಾರ್ಷ್ ರೈಸ್ 1900ರಲ್ಲಿ ಆಳಿನ ಕೈಯಿಂದಲೇ ಕೊಲೆಯಾದ ಕಥೆ ರೋಚಕವಾದರೂ, ಹೆಸರಿನ ವಿಚಾರಕ್ಕೆ ಅದರಿಂದ ಏನೂ ಒದಗುವುದಿಲ್ಲ. ಗೀತರಚನೆಕಾರ ಟಿಮ್ ರೈಸ್, ಫುಟ್‌ಬಾಲ್ ಆಟಗಾರ ಡೆಕ್ಲನ್ ರೈಸ್ ಇವರನ್ನು ಒಂದೊಂದು ಸಾಲಿನಲ್ಲಿ ಮುಗಿಸಿದೆ.

ಕೊನೆಗೆ ನಮ್ಮ ರೈಸ್ ಅವರಲ್ಲಿಗೆ ಬಂದೆ. ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನ ಮರಣಗಳ ಸರಕಾರಿ ನೋಂದಣಿ ಆರಂಭವಾದದ್ದು ಅದೇ ತಿಂಗಳ 1ರಂದು. ಆದರೆ ಬೆಂಗಳೂರಿನ ಕೂಸು ಆ ಪುಸ್ತಕದಲ್ಲಿ ಸಿಕ್ಕುವುದಿಲ್ಲವೆಂಬುದನ್ನು ಮರೆತು ನಾನು ಅದರ ಸೂಚಿಯಲ್ಲಿ ಎರಡು ದಿನ ಕಳೆದೆ. ತಂದೆ ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇವರ ನೆನಪಿನದೇ ಹೊರತು ಮಗನದಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ, ಅದರ ಪರಿಷ್ಕೃತ ಆವೃತ್ತಿಯನ್ನು 1921ರಲ್ಲಿ ತಂದ ಇ.ಪಿ. ರೈಸ್ ಇನ್ನೊಬ್ಬ ಮಗ. ಈ ಮೂವರನ್ನೂ ಒಬ್ಬರೆಂದೇ ತಿಳಿದವರು ಅಧ್ಯಾಪಕರಲ್ಲಿಯೂ ಇದ್ದಾರೆ, ಒಂದು ಕಾಲಕ್ಕೆ ನಾನೂ ಅವರಲ್ಲಿ ಒಬ್ಬ. ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಹೊರತಂದು, 1906ರಲ್ಲಿ ನಿವೃತ್ತರಾಗಿ, 1927ರಲ್ಲಿ ಇಂಗ್ಲೆಂಡಿನ ಹ್ಯಾರೋದಲ್ಲಿ ತೀರಿಕೊಂಡವರು ಲೂಯಿಸ್ ರೈಸ್.

ಕರಡಿನಲ್ಲಿ ಅವರನ್ನು ‘ವೇಲ್ಸ್ ಮೂಲದವರು’ ಎಂದು ಬರೆದಿದ್ದೆ. ಅಚ್ಚಿಗೆ ಕೊಡುವ ಮುನ್ನ ಆ ಮಾತನ್ನು ಹೊಡೆದುಹಾಕಿದೆ. ನಿಘಂಟು ಹೇಳುವುದು ಹೆಸರಿನ ಮೂಲವನ್ನು, ಮನೆತನದ ಮೂಲವನ್ನಲ್ಲ. ಶಾಸನದಲ್ಲಿ ‘ವರ್ಮ’ ಎಂದು ಕಂಡ ಮಾತ್ರಕ್ಕೆ ಪಲ್ಲವನೋ ಕದಂಬನೋ ಎಂದು ತೀರ್ಮಾನಿಸದೆ ತಂದೆಯ ಹೆಸರು, ಆಳಿದ ನಾಡು, ಕಾಲ ಇವನ್ನು ನೋಡಬೇಕೆಂದು ವರ್ಷಗಟ್ಟಲೆ ಹೇಳಿಕೊಟ್ಟವನು ತನ್ನ ಬರವಣಿಗೆಯಲ್ಲಿ ಅದನ್ನೇ ಮುರಿಯಲಾಗದು.

ಕಾಲೇಜು ತೆರೆದ ಮೇಲೆ ಆ ಹುಡುಗನನ್ನು ಕರೆದು ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಹಂಗಾದ್ರ ನಮ್ಮದಷ್ಟ ಖರೇನ ಅಕ್ಕಿ ರೀ ಸರ್, ಮುತ್ತಜ್ಜ ಅಕ್ಕಿ ವ್ಯಾಪಾರ ಮಾಡ್ತಿದ್ದ ಅಂತ ಮನ್ಯಾಗ ಹೇಳ್ತಾರ” ಎಂದ. ಹೊಲದ ಹಳೆಯ ಉತಾರದಲ್ಲಿ ಮುತ್ತಜ್ಜನ ಹೆಸರು ಹೇಗಿದೆಯೋ ನೋಡಿಕೊಂಡು ಬಾ ಎಂದು ಹೇಳಿ, ಅವನ ಕೈಗೆ ಒಂದು ಖಾಲಿ ಚೀಟಿಯನ್ನು ಕೊಟ್ಟೆ.