ಖಾಲಿ ಪ್ರಶ್ನೆ ಪೆಟ್ಟಿಗೆ ತುಂಬಿಸಿದ್ದು ಹೀಗೆ

ಲೈಂಗಿಕ ಆರೋಗ್ಯದ ಬಗ್ಗೆ ಹದಿಹರೆಯದವರ ಜೊತೆ ಕೆಲಸ ಮಾಡುವವರಿಗೆಲ್ಲ ಪ್ರಶ್ನೆ ಪೆಟ್ಟಿಗೆ ಗೊತ್ತೇ ಇದೆ: ಕೇಳಲು ನಾಚಿಕೆಯಾಗುವುದನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕುವ ಪೆಟ್ಟಿಗೆ. ಬಾಗಿಲ ಹತ್ತಿರ ಇಡುತ್ತೇವೆ, ಕೊನೆಗೆ ತೆರೆದರೆ ಎರಡು ಪೋಲಿ ಚೀಟಿ. "ಇದು ಆಗೋ ಕೆಲಸ ಅಲ್ಲ, ಬಿಟ್ಟುಬಿಡಿ ಮೇಡಂ" ಅಂತ ನಮ್ಮ ತಂಡದವರೇ ಹೇಳಿದ್ದರು. ನಾನು ಬಿಡಲಿಲ್ಲ. ಚೀಟಿ ಹಾಕಲು ಎದ್ದವರ ಮೇಲೆ ಉಳಿದವರ ಕಣ್ಣು ಬೀಳುತ್ತದೆ. ತೊಡಕು ಅಷ್ಟೇ.

ಈಗ ಎಲ್ಲರಿಗೂ ಒಂದೇ ಅಳತೆಯ ಕಾಗದ, ಒಂದೇ ಬಣ್ಣದ ಪೆನ್ನು. ಪ್ರಶ್ನೆ ಇಲ್ಲದವರು ಬೋರ್ಡಿನ ಮೇಲಿನ ಎರಡು ಸಾಲು ನೋಡಿ ಬರೆಯಬೇಕು. ಸುಮ್ನೆ ಕೂರುವಂತಿಲ್ಲ. ಪೆಟ್ಟಿಗೆಯೇ ಪ್ರತಿಯೊಬ್ಬರ ಹತ್ತಿರ ಹೋಗುತ್ತದೆ. ನಲವತ್ತು ಜನ ಇದ್ದರೆ ಇಪ್ಪತ್ತೈದರಷ್ಟು ನಿಜವಾದ ಪ್ರಶ್ನೆ ಸಿಗುತ್ತವೆ. ಮೊದಲು ಯಾವ ಚೀಟಿ ಓದಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಮಾತ್ರ ಕೇಳಬೇಡಿ!

ಪೋಲಿ ಚೀಟಿಯನ್ನೂ ಓದುತ್ತೇನೆ, ಮುಖ ಗಂಭೀರವಾಗಿಟ್ಟುಕೊಂಡು. "ಎರಡು ಕಾಂಡೋಮ್ ಹಾಕಿದ್ರೆ ಡಬಲ್ ಸೇಫ್ ಅಲ್ವಾ?" ಇಲ್ಲ, ಒಂದಕ್ಕೊಂದು ಉಜ್ಜಿ ಹರಿಯಬಹುದು, ಒಂದೇ ಸಾಕು. ಎಣ್ಣೆ ಹಚ್ಚಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರು ಹಾಳಾಗುತ್ತದೆ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಕಿಸಿಕಿಸಿ ನಿಂತಿರುತ್ತದೆ.

ಒಂದು ಚೀಟಿಯಲ್ಲಿ ಮೊದಲ ಸಾಲು ಹೊಡೆದುಹಾಕಿ, ಕೆಳಗೆ ಚಿಕ್ಕದಾಗಿ ಬರೆದಿತ್ತು: "40 ದಿನಕ್ಕೊಮ್ಮೆ ಮುಟ್ಟು. ಮುಂದೆ ಮಕ್ಕಳಾಗಲ್ವಾ?" ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ 21ರಿಂದ 45 ದಿನದ ಅಂತರ ಸಾಮಾನ್ಯ, ಅದರಿಂದ ಮಕ್ಕಳಾಗಲ್ಲ ಅಂತೇನೂ ಇಲ್ಲ, ಮೂರು ತಿಂಗಳು ಬರದಿದ್ದರೆ ಡಾಕ್ಟರಿಗೆ ತೋರಿಸಿ ಅಂದೆ. ಗರ್ಭ ನಿಲ್ಲದಂತೆ ತಗೊಳ್ಳುವ ತುರ್ತು ಮಾತ್ರೆಯ ಪ್ರಶ್ನೆಯಂತೂ ಪ್ರತಿ ಸಲ ಬರುತ್ತದೆ. ಸಂಭೋಗವಾದ 72 ಗಂಟೆಯೊಳಗೆ, ಬೇಗ ತಗೊಂಡಷ್ಟೂ ಒಳ್ಳೆಯದು. ಆಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ.

ದುಡ್ಡಿನ ವಿಷಯ. ಮೊದಲ ವರ್ಷ ಮುಕ್ಕಾಲು ಭಾಗ ಪೋಸ್ಟರ್, ವೇದಿಕೆ, ಮೈಕಿಗೇ ಹೋಯಿತು. ಅಚ್ಚು ಹಾಕಿಸಿದ ಪುಸ್ತಿಕೆಗಳಲ್ಲಿ ಅರ್ಧ ಕುರ್ಚಿ ಕೆಳಗೇ ಉಳಿದವು. ವಾಟ್ಸಾಪ್ ಗುಂಪು ಮಾಡಿ ನೋಡಿದೆ. ನಂಬರ್ ಎಲ್ಲರಿಗೂ ಕಾಣುತ್ತದಲ್ಲ, ಯಾರು ಕೇಳುತ್ತಾರೆ? ಗುಡ್ ಮಾರ್ನಿಂಗ್ ಚಿತ್ರಗಳು ಮಾತ್ರ ಬಂದವು.

ನಾವು ಕ್ಲಿನಿಕ್‌ಗೆ ಕಳಿಸಿದ ಹುಡುಗ ಹುಡುಗಿಯರು ಬಾಗಿಲಿನಿಂದಲೇ ವಾಪಸ್ ಬರುತ್ತಿದ್ದರು. ಕೌಂಟರಿನಲ್ಲಿ "ಏನು ತೊಂದರೆ?" ಅಂತ ಎಲ್ಲರಿಗೂ ಕೇಳುವ ಹಾಗೆ ವಿಚಾರಿಸಿದರೆ ಇನ್ನೇನಾಗುತ್ತದೆ? ಈಗ ಬಣ್ಣದ ಒಂದು ಚಿಕ್ಕ ಕಾರ್ಡ್ ಕೊಡುತ್ತೇವೆ. ತೋರಿಸಿದರೆ ಮಾತಿಲ್ಲದೆ ಒಳಗೆ ಬಿಡುತ್ತಾರೆ. ಹೋಗುವವರು ಹೆಚ್ಚುಕಮ್ಮಿ ದುಪ್ಪಟ್ಟಾದರು. ಪುಸ್ತಿಕೆಯ ಖರ್ಚಿನ ಹತ್ತನೇ ಒಂದು ಪಾಲೂ ಆಗಲಿಲ್ಲ.

ಯಾರೋ ಹಿಂಸೆ ಕೊಡುತ್ತಿದ್ದಾರೆ ಅಂತ ಬರೆದ ಚೀಟಿಯನ್ನು ಜೋರಾಗಿ ಓದುವುದಿಲ್ಲ. ಮುಗಿದ ಮೇಲೆ ನಾನು ಒಬ್ಬಳೇ ಎಲ್ಲಿ ಕೂತಿರುತ್ತೇನೆ ಅಂತ ಎಲ್ಲರಿಗೂ ಮೊದಲೇ ಹೇಳಿರುತ್ತೇನೆ. ಉಳಿದ ಚೀಟಿಗಳನ್ನು ಅವರೆದುರೇ ಹರಿಯುತ್ತೇನೆ.

ಪೆನ್ನು ಮಾತ್ರ ಜಾಸ್ತಿ ತಗೊಳ್ಳಿ. ಅರ್ಧ ವಾಪಸ್ ಬರುವುದಿಲ್ಲ.